ಕಾಳಿನ ಖೋಲ್ಯಾಗಿನ ಮೈಕು

ಹೋದ ಸಲ ಉಳ್ಳಾಗಡ್ಡಿ ಮಾರಿದ ರೊಕ್ಕ ಕೈಗೆ ಬಂದ ವಾರದಾಗ ನಮ್ಮ ಮಗ ಒಂದು ಡಬ್ಬಿ ತರಿಸಿದ. ಗಜೇಂದ್ರಗಡಕ್ಕ ಹೋಗಿ ತಾನ ತಗೊಂಡು ಬಂದ. "ಏನೋ ಇದು?" ಅಂದ್ರ, "ನಿನ್ನ ಸೊಸಿ ಹಾಡ್ತಾಳಲ್ಲವಾ, ಅದನ್ನ ಹಿಡದಿಡೂ ಮೈಕು" ಅಂದ. ಸೊಸಿ ಅಡಗಿ ಮನಿ ಬಾಗಲಾಗ ನಿಂತಿದ್ಲು. ಮಾರಿ ಅರಳಿತ್ತು, ಆದ್ರ ನಾ ನೋಡಿದ ಕೂಡ್ಲೆ ತಲಿ ಕೆಳಗ ಹಾಕಿದ್ಲು.

ನಮ್ಮ ಸೊಸಿ ಗದಗಿನಾಕಿ. ಗದಗಂದ್ರ ನಿಮಗ ಗೊತ್ತ ಐತಿ, ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮ ಇರೂ ಊರು, ಅಲ್ಲಿ ಓಣಿಗೊಬ್ಬರು ಪೇಟಿ ಬಾರಸಾವ್ರು ಸಿಗ್ತಾರ. ಈಕಿನೂ ಮದುವಿಗಿಂತ ಮೊದಲ ಮೂರು ವರ್ಷ ಪೇಟಿ ಕಲ್ತಾಕಿ. ಬರೂ ಮುಂದ ತವರಿನಿಂದ ಪಾತ್ರಿ ಪಡಗದ ಜೋಡಿ ಆ ಪೇಟಿನೂ ತಂದಿದ್ಲು. ಎರಡು ವರ್ಷ ಅದು ಮಂಚದ ಕೆಳಗ ಕುಂತಿತ್ತು. ನಾ ಹಾಡಬ್ಯಾಡ ಅಂದಾಕಿ ಅಲ್ಲ. ಹಾಡು ಅಂತನೂ ಅಂದಾಕಿ ಅಲ್ಲ, ಅದ ತಪ್ಪು. ಹೊಸಾ ಸೊಸಿ ತಾನ ಪೇಟಿ ತಗದು ಪಡಸಾಲ್ಯಾಗ ಕುಂದ್ರತಾಳ ಅಂತ ಯಾವ ಅತ್ತಿ ತಿಳಕೋಬೇಕು? ಒಂದು ರಾತ್ರಿ ನೀರು ಕುಡ್ಯಾಕ ಎದ್ದಾಗ ಅವರ ಖೋಲ್ಯಾಗಿಂದ ಸಣ್ಣ ದನಿ ಕೇಳಿಸ್ತು. ಕೌದಿ ಹೊಚಗೊಂಡು ಫೋನಿನ್ಯಾಗ ಹಾಡಿ, ಕೇಳಿ, ಅಳಿಸಿ ಬಿಡ್ತಿದ್ಲಂತ. ಇದನ್ನ ಮುಂದ ಆಕಿನ ಹೇಳಿದ್ಲು.

ಡಬ್ಬ್ಯಾಗ ಒಂದು ದಪ್ಪ ಮೈಕು, ಟೇಬಲ್ಲಿಗೆ ಸಿಗಸೂ ಸ್ಟ್ಯಾಂಡು, ಒಂದು ಸ್ಪಂಜಿನ ಟೊಪ್ಪಿಗಿ, ಒಂದು ವಾಯರು. 1,900 ರೂಪಾಯಿ. ಮಗ ವಾಯರ್ ಫೋನಿಗೆ ಚುಚ್ಚಿ, ಮುಂದಿನ ಹೊಸಾ ಖೋಲ್ಯಾಗ ಸೊಸೀನ ಕುಂದ್ರಿಸಿ ಹಾಡಿಸಿದ. ತಿರುಗಿ ಹಚ್ಚಿ ಕೇಳಿದ್ರ ಬಾವ್ಯಾಗ ಬಿದ್ದಾವ್ರು ಕರದಂಗ ಇತ್ತು. ಗುಂಯ್ ಅನ್ನೂದು, ಮ್ಯಾಲೆ ಫ್ಯಾನಿನ ಸಪ್ಪಳ, ಅದರ ಹಿಂದ ಎಲ್ಲೋ ಈಕಿ. ಮಗ ಎರಡು ಮೂರು ಸಲ ಆ ಕಡೆ ಈ ಕಡೆ ತಿರುವಿದ. ಸೊಸಿ ಮಾತ್ರ "ಬಿಡ್ರಿ, ನನ್ನ ದನೀನ ಹಿಂಗೈತಿ" ಅಂದು ಎದ್ದು ಹೋದ್ಲು. ಮೈಕು ಕಪಾಟದ ಮ್ಯಾಲೆ ಹೋತು. ಪೇಟಿ ಮಂಚದ ಕೆಳಗ ಹೋತು. ಅವತ್ತಿನಿಂದ ರಾತ್ರಿ ಕೌದ್ಯಾಗಿನ ಹಾಡೂ ನಿಂತು.

ಸಂಕ್ರಾಂತಿಗೆ ಮನಿ ಝಾಡಸೂ ಮುಂದ ಆ ಮೈಕು ನನ್ನ ಕೈಗೆ ಸಿಕ್ತು. ನನಗ ಟೇಪ್ ರೆಕಾರ್ಡರಿನ ಕಾಲದ್ದೊಂದು ರೂಢಿ ಐತಿ. ಯಾವ ಮೈಕಿನಿಂದ ದನಿ ಒಳಗ ಹೊಂಟೈತಿ ಅಂತ ಗೊತ್ತಾಗ್ಬೇಕಂದ್ರ ಉಗುರಿನಿಂದ ಅದರ ಜಾಳಗಿ ಕೆರದು ನೋಡೂದು. ಮಗನ ಫೋನಿಗೆ ವಾಯರ್ ಚುಚ್ಚಿ, ರೆಕಾರ್ಡ್ ಒತ್ತಿ, ಮೈಕು ಕರ್ ಕರ್ ಅಂತ ಕೆರದೆ. ಆಮ್ಯಾಲೆ ಫೋನಿನ ಕೆಳಗಿನ ತೂತಿನ ಹತ್ರ ಕೆರದೆ. ಕೇಳಿದ್ರ, ಮೈಕು ಕೆರದದ್ದು ಎಲ್ಲೋ ದೂರದಾಗ, ಫೋನು ಕೆರದದ್ದು ಕಿವಿ ಹರಿಯೂವಂಗ. ಅಂದ್ರ ಆ ದಪ್ಪ ಮೈಕು ಸುಮ್ಮನ ದೇವರಂಗ ನಿಂತಿತ್ತು, ಹಾಡು ಹಿಡದದ್ದು ಫೋನಿನ ಸಣ್ಣ ಮೈಕು. ಅದೂ ನಾಕು ಮೊಳ ದೂರ ಇಟ್ಟಿದ್ದ ಫೋನು!

"ಯವ್ವಾ, ಬಾ ಇಲ್ಲೆ" ಅಂತ ಸೊಸೀನ ಕರದು ಕೇಳಿಸಿದೆ. ಆಕಿ ಒಂದು ಗಳಿಗಿ ಸುಮ್ಮನ ನಿಂತು, "ಅಂದ್ರ ಅದು ನನ್ನ ದನಿ ತಪ್ಪಲ್ಲೇನ್ರಿ ಅತ್ತಿ?" ಅಂದ್ಲು. ಎರಡು ತಿಂಗಳು ಆ ಹುಡುಗಿ ತನ್ನ ಗಂಟಲಿನ ಮ್ಯಾಲೆ ತಪ್ಪು ಹಾಕ್ಕೊಂಡು ಕುಂತಿದ್ಲು, ಒಂದು ಪಿನ್ನಿನ ಸಲುವಾಗಿ.

ಪಿನ್ನಿನ ಕಥಿ ಹೇಳಿದಾವ ನಮಗ ಜಾತ್ರಿಗೆ ಮೈಕ್‌ಸೆಟ್ಟು ಹಚ್ಚೂ ಹುಡುಗ. ಆ ಗುಂಡನ್ನ ಪಿನ್ನಿನ ಮ್ಯಾಲೆ ಕರೇ ಗೆರಿ ಇರ್ತಾವಲ್ಲ, ಅವನ್ನ ಎಣಸ್ಬೇಕಂತ. ಎರಡು ಗೆರಿ ಇದ್ರ ಒಂದು ಜಾತಿ, ಮೂರು ಗೆರಿ ಇದ್ರ ಇನ್ನೊಂದು ಜಾತಿ. ಮಾತಾಡೂ ಮೈಕು ಇರೂ ಇಯರ್‌ಫೋನಿಗೆ ಮೂರು ಗೆರಿ ಇರ್ತಾವ, ಫೋನು ಅದನ್ನಷ್ಟ ಮೈಕು ಅಂತ ಗುರ್ತು ಹಿಡೀತೈತಿ. ನಮ್ಮ ಮೈಕಿಗೆ ಇದ್ದದ್ದು ಎರಡು. ಅದಕ್ಕ ಫೋನು ಅದರ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಮ್ಯಾಲೆ ಇದು ಕಂಡೆನ್ಸರ್ ಮೈಕು, ಅದಕ್ಕ ಹೊರಗಿಂದ ಕರೆಂಟು ಬೇಕು. ದೊಡ್ಡ ಕಂಡೆನ್ಸರಿಗೆ 48 ವೋಲ್ಟ್ ಕೊಡ್ತಾರ, ಅದಕ್ಕ ಫ್ಯಾಂಟಮ್ ಪವರ್ ಅಂತಾರಂತ. ಡಬ್ಬಿ ಮ್ಯಾಲೆ ಇದನ್ನ ಯಾರು ದೊಡ್ಡ ಅಕ್ಷರದಾಗ ಬರೀತಾರ? ಬರೀಲಿಲ್ಲ.

ಆ ಹುಡುಗ ಕಂಡೆನ್ಸರು, ಡೈನಾಮಿಕ್ಕು ಅಂತ ಎರಡು ಥರದ ಮೈಕಿನ ಸುದ್ದಿ ಹೇಳಿದ. ನನಗ ತಿಳದಂಗ ಹೇಳ್ತೀನಿ ಕೇಳ್ರಿ. ಕಂಡೆನ್ಸರಂದ್ರ ಅತ್ತಿ ಕಿವಿ ಇದ್ದಂಗ. ಹಿತ್ತಲದಾಗ ಎಮ್ಮಿ ಬಾಲ ಬೀಸಿದ್ದೂ ಕೇಳಸ್ತೈತಿ, ಮೂರನೇ ಮನಿ ಕುಕ್ಕರ್ ಸೀಟಿನೂ ಕೇಳಸ್ತೈತಿ. ಡೈನಾಮಿಕ್ಕಂದ್ರ ಗಂಡಸರ ಕಿವಿ. ಹತ್ರ ಹೋಗಿ ಹೇಳಿದ್ರಷ್ಟ ಕೇಳೂದು, ದೂರದ್ದು ಗೊಡವಿ ಇಲ್ಲ. ಸಪ್ಪಳ ಬಂದ್ ಮಾಡಿದ ಸ್ಟುಡಿಯೋದಾಗ ಕಂಡೆನ್ಸರ್ ಚಲೋ, ದನಿಯ ಸಣ್ಣ ಸಣ್ಣ ನಯ ಎಲ್ಲಾ ಹಿಡೀತೈತಿ. ಆದ್ರ ಕೋಳಿ, ನಾಯಿ, ಟ್ರ್ಯಾಕ್ಟರು, ಹಿಟ್ಟಿನ ಗಿರಣಿ ಇರೂ ನಮ್ಮಂಥ ಊರಿನ ಮನಿಗೆ ಡೈನಾಮಿಕ್ಕ ಸುಖ. ಸ್ಟೇಜಿನ ಮ್ಯಾಲೆ ಚೆಂಡಿನಂಥ ತಲಿಯ ಮೈಕು ಹಿಡಕೊಂಡು ಹಾಡ್ತಾರಲ್ಲ, ಅದ ಜಾತಿ. ಅದರಾಗ ಶ್ಯೂರ್ ಕಂಪನಿಯ ಎಸ್‌ಎಂ 58 ಅನ್ನೂದು 1966ರಾಗ ಬಂದದ್ದು, ಇವತ್ತಿಗೂ ಮಾರ್ತಾರ. ಫೋನು ಆರು ತಿಂಗಳಿಗೊಮ್ಮೆ ಹಳೇದಾಗೂ ಕಾಲದಾಗ ಇಂಥಾದ್ದೂ ಇರ್ತೈತಿ ನೋಡ್ರಿ.

ಇನ್ನ ಇಂಟರ್‌ಫೇಸ್ ಅಂತ ಒಂದು ಪೆಟ್ಟಿಗಿ ಬರ್ತೈತಿ. ಮೈಕಿನ ದನೀನ ಕಂಪ್ಯೂಟರಿಗೆ ತಿಳಿಯೂ ಭಾಷಾಕ್ಕ ತಿರುವೂ ಪೆಟ್ಟಿಗಿ, 48 ವೋಲ್ಟೂ ಅದ ಕೊಡ್ತೈತಿ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಅಂಥಾದ್ದಕ್ಕ ಒಂದು ಮೈಕು ಹಚ್ಚಬಹುದು, 2ಐ2 ಅನ್ನೂದಕ್ಕ ಎರಡು. ಹಾಡು ಬ್ಯಾರೆ, ಪೇಟಿ ಬ್ಯಾರೆ ಹಿಡದು ಆಮ್ಯಾಲೆ ಹೆಚ್ಚು ಕಡಿಮಿ ಮಾಡ್ಬೇಕಂದ್ರ ಎರಡಿನದು ಬೇಕು. ಮಗ ಅದನ್ನ ತರಿಸ್ತೀನಿ ಅಂತ ಕುಂತ. ನಾ ಬ್ಯಾಡಂದೆ. ಹೋಳಗಿ ಮಾಡಾಕ ಕಲಿಯಾಕಿಗೆ ಮೊದಲ ಲಟ್ಟಣಗಿ ಕೊಡ್ಬೇಕು, ಮಷಿನ್ ಅಲ್ಲ. ಒಳಗ ಇಂಟರ್‌ಫೇಸ್ ಕೂಡಿಸೇ ಬರೂ ಯುಎಸ್‌ಬಿ ಮೈಕು ಅದಾವ, ಸೀದಾ ಲ್ಯಾಪ್‌ಟಾಪಿಗೆ ಹಚ್ಚೂದು. ಅದರಾಗನ ಕೆಲವಕ್ಕ ಯುಎಸ್‌ಬಿನೂ ಇರ್ತೈತಿ, ದೊಡ್ಡ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತೂತೂ ಇರ್ತೈತಿ. ಮುಂದ ಇಂಟರ್‌ಫೇಸ್ ತಗೊಂಡ್ರ ಮೈಕು ವ್ಯರ್ಥ ಆಗೂದಿಲ್ಲ. ನಾವು ತಗೊಂಡದ್ದು ಅಂಥಾದ್ದು, ಡೈನಾಮಿಕ್ಕು, 5,500. ಕಿವಿ ಪೂರ್ತಿ ಮುಚ್ಚೂ ವಾಯರಿನ ಹೆಡ್‌ಫೋನು 1,200. ಸ್ಟ್ಯಾಂಡು ಹಳೇ ಡಬ್ಬ್ಯಾಗಿಂದನ. ಲ್ಯಾಪ್‌ಟಾಪು ಮಗ ಕಾಲೇಜಿಗೆ ಹೋಗೂ ಮುಂದ ತಗೊಂಡಿದ್ದು, ಮೂಲ್ಯಾಗ ಬಿದ್ದಿತ್ತು.

ಹೆಡ್‌ಫೋನು ವಾಯರಿಂದನ ತಗೋರಿ. ಬ್ಲೂಟೂತಿಂದು ದನಿ ತುಸು ತಡಾ ಮಾಡಿ ಕಿವಿಗೆ ಬರ್ತೈತಿ, ಹಾಡೂ ಮುಂದ ತಾಳ ಕಾಲಿಗೆ ತೊಡಕಿದಂಗ ಆಗ್ತೈತಿ. ತಂಬೂರಿ ಆ್ಯಪ್ ಹಚ್ಚಿ ಶ್ರುತಿನ ಹೆಡ್‌ಫೋನಿನ್ಯಾಗ ಕೇಳಿದ್ರ ಅದು ಮೈಕಿಗೆ ಹೋಗೂದಿಲ್ಲ, ಬರೇ ದನಿ ಹಿಡೀತೈತಿ.

ಒಟ್ಟು 6,700 ರೂಪಾಯಿ. ಹಾಲಿನ ರೊಕ್ಕದಾಗ ನಾ ಕೊಟ್ಟೆ. ನಮ್ಮ ಮನಿಯವರು ಬಾಯಿ ಬಿಟ್ಟು ಬೈಲಿಲ್ಲ, ಲೆಕ್ಕ ಹಾಕಿದ್ರು. "ಐದು ಚೀಲ ಡಿಎಪಿ ಬರ್ತಿತ್ತು" ಅಂದ್ರು. ಅವರ ಲೆಕ್ಕ ಸುಳ್ಳಲ್ಲ. ನಾ ಏನೂ ಅನಲಿಲ್ಲ. ಯಾಕಂದ್ರ ನನ್ನ ಕಡೆ ಇದ್ದ ಲೆಕ್ಕ ಅವರಿಗೂ ಗೊತ್ತು, ಅದನ್ನ ಮನ್ಯಾಗ ಯಾರೂ ಬಾಯಿ ಬಿಟ್ಟು ಹೇಳೂದಿಲ್ಲ.

ಅದನ್ನ ಇಲ್ಲೆ ಹೇಳಿಬಿಡ್ತೀನಿ. ನಮ್ಮತ್ತಿಯವರು ಬೀಸುಕಲ್ಲಿನ ಪದ ಹಾಡಾಕಿ. ನಾ ಮದುವ್ಯಾಗಿ ಬಂದದ್ದು 1989ರಾಗ, ಪಿಯುಸಿ ಮುಗಿಸಿ. ಆಗ ಊರಿಗೆ ಗಿರಣಿ ಬಂದು ಭಾಳ ದಿನ ಆಗಿತ್ತು, ಆದ್ರೂ ಬ್ಯಾಳಿ ಒಡ್ಯಾಕ ಅಂತ ನಸಿಕಿನ್ಯಾಗ ಕಲ್ಲಿಗೆ ಕುಂದ್ರತಿದ್ರು. ಕಲ್ಲಿನ ಗರ್ರ್ ಅನ್ನೂದ ಶ್ರುತಿ. ನಮ್ಮ ನಾದಿನಿ ಮದುವ್ಯಾಗ, 1991ರಾಗ, ನಮ್ಮ ಮನಿಯವರು ಹೊಸಾ ಟೇಪ್ ರೆಕಾರ್ಡರ್ ತಂದಿದ್ರು. ಸುರಗಿ ಸುತ್ತಿ ಎರಕೊಳ್ಳೂ ಮುಂದ ಅತ್ತಿಯವರು ಹಾಡಿದ್ದನ್ನ 60 ನಿಮಿಷದ ಕ್ಯಾಸೆಟ್ಟಿನ್ಯಾಗ ಹಿಡದ್ರು. ಒಂದು ಮಗ್ಗಲಾ ಪೂರ್ತಿ, ಅರ್ಧ ತಾಸು, ಅವರ ದನಿ. ಆ ಕ್ಯಾಸೆಟ್ಟಿನ ಮ್ಯಾಲೆ 1997ರಾಗ ನಾ ರೇಡಿಯೋದಾಗಿನ ಸಿನಿಮಾ ಹಾಡು ಹಿಡದೆ. ಬೇಕಂತ ಅಲ್ಲ. ಚೀಟಿ ಉದುರಿ ಹೋಗಿತ್ತು, ಖಾಲಿ ಅಂತ ತಿಳಕೊಂಡೆ. ಕ್ಯಾಸೆಟ್ಟಿನ ಬೆನ್ನ ಮ್ಯಾಲೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರ್ತಿದ್ವು, ಅವನ್ನ ಮುರದ್ರ ಮ್ಯಾಲೆ ಯಾರೂ ತಿರುಗಿ ಹಿಡ್ಯಾಕ ಬರ್ತಿರಲಿಲ್ಲ. ಅದು ಗೊತ್ತಾದದ್ದು ಆಮ್ಯಾಲೆ.

ನಾ ಅತ್ತಾಗ ಅತ್ತಿಯವರು ನಕ್ಕಿದ್ರು. "ಅಳತಿಯಾಕ, ನಾ ಇನ್ನೂ ಸತ್ತಿಲ್ಲಲ್ಲ. ಇನ್ನೊಮ್ಮೆ ಹಾಡಿದ್ರಾತು" ಅಂದ್ರು. ಇನ್ನೊಮ್ಮೆ ಅನ್ನೂದು ಏಳು ವರ್ಷ ಹಂಗ ಹೋತು. ಟೇಪು ಕೆಟ್ಟಿತು, ಸುಗ್ಗಿ ಬಂತು, ಬರ ಬಂತು, ಹುಡುಗರ ಸಾಲಿ ಬಂತು. 2004ರಾಗ ಅವರು ಹೋದ್ರು. ಫೋಟೋ ಐತಿ, ಇಳಕಲ್ ಸೀರಿ ಐತಿ, ಅವರ ಕೈಯಾಗಿನ ಕೌದಿ ನಾಕು ಅದಾವ. ದನಿ ಇಲ್ಲ.

ಇರಲಿ. ಮೈಕು ಬಂದ ಮ್ಯಾಲೆ ಯಾವ ಖೋಲ್ಯಾಗ ಹಾಡೂದು ಅನ್ನೂದ ದೊಡ್ಡ ಮಾತಾತು. ನಮ್ಮ ಮನಿ ಅರ್ಧ ಹೊಸಾದು, ಅರ್ಧ ಹಳೇದು. ಮುಂದ ಸ್ಲ್ಯಾಬ್ ಹಾಕಿ ಟೈಲ್ಸ್ ಕುಂದ್ರಿಸಿದ ಖೋಲಿ, ಬಂದಾವ್ರಿಗೆ ತೋರಸೂದು ಅದನ್ನ. ಹಿಂದ ಮಣ್ಣಿನ ಮಾಳಗಿ. ನಾನೂ ಸೊಸಿನೂ ಖೋಲಿ ಖೋಲಿಗೆ ಹೋಗಿ ಚಪ್ಪಾಳಿ ಹೊಡಕೊಂತ ಬಂದ್ವಿ. ನಮ್ಮ ಮನಿಯವರು ಇಬ್ಬರಿಗೂ ತಲಿ ಕೆಟ್ಟೈತಿ ಅಂದ್ಕೊಂಡ್ರು. ಹೊಸಾ ಖೋಲ್ಯಾಗ ಚಪ್ಪಾಳಿ ಹೊಡದ್ರ ಟಣ್ ಅಂತ ತಿರುಗಿ ಬರ್ತೈತಿ. ನುಣ್ಣನ್ನ ಗ್ವಾಡಿ, ಟೈಲ್ಸು, ಕಾಜು ದನೀನ ಚೆಂಡಿನಂಗ ಪುಟಿಸ್ತಾವ. ಹಾಡು ಒಂದು ಸಲ ಬಾಯಿಂದ, ಹತ್ತು ಸಲ ಗ್ವಾಡಿಯಿಂದ ಮೈಕಿಗೆ ಹೋಗ್ತೈತಿ. ಬಾವ್ಯಾಗ ಹಾಡಿದಂಗ ಆಗಿದ್ದಕ್ಕ ಅದೂ ಒಂದು ಕಾರಣ. ಕಾಳಿನ ಖೋಲ್ಯಾಗ ಹೊಡದ್ರ ಟಪ್ ಅಂತ, ಅಷ್ಟ. ಮಣ್ಣಿನ ಗ್ವಾಡಿ, ಜ್ವಾಳದ ಚೀಲ, ಒಟ್ಟಿಟ್ಟ ಹಾಸಿಗಿ, ಇವು ದನಿ ನುಂಗ್ತಾವ. ಸ್ಟುಡಿಯೋದಾವ್ರು ಸಾವಿರಗಟ್ಟಲೆ ಕೊಟ್ಟು ಗ್ವಾಡಿಗೆ ಮೆತ್ತನ ಹಲಗಿ ಬಡಸ್ತಾರ. ಐದು ಪದರಿನ ಹಳೇ ಸೀರಿ ಕೂಡಿಸಿ ಹೊಲದ ಕೌದಿ ಅದ ಕೆಲಸ ಮಾಡ್ತೈತಿ. ಹಾಡಾಕಿ ಬೆನ್ನ ಹಿಂದ ಒಂದು, ಬಾಗಲಕ್ಕ ಒಂದು ನೇತು ಹಾಕಿದ್ವಿ. ಎರಡೂ ನಮ್ಮತ್ತಿಯವರು ಹೊಲದವು.

ಇದರ ಮ್ಯಾಲೆ ನಾ ಒಂದು ಮಾತು ಗಟ್ಟಿ ಹೇಳ್ತೀನಿ. ನಿಮ್ಮ ಕಡೆ ಏಳು ಸಾವಿರ ಇಲ್ಲಂದ್ರ ಮೈಕು ಬಿಡ್ರಿ, ಖೋಲಿ ಆರಸ್ರಿ. ನಾವು ಫೋನ್ ಒಂದನ್ನ ಆ ಕಾಳಿನ ಖೋಲ್ಯಾಗ ಒಂದು ಗೇಣು ದೂರ ಇಟ್ಟು ಹಾಡಿಸಿ ನೋಡಿದ್ವಿ. ಹೊಸಾ ಖೋಲ್ಯಾಗ ಹೊಸಾ ಮೈಕಿಗಿಂತ ಅದ ಚಲೋ ಬಂತು. ಇದನ್ನ ಮೈಕು ತರಿಸೂಕಿಂತ ಮೊದಲ ಮಾಡಿದ್ರ ಡಿಎಪಿ ಉಳೀತಿತ್ತೇನೋ. ನಮ್ಮ ಮನಿಯವರ ಮುಂದ ಇದನ್ನ ಹೇಳಿಲ್ಲ.

ಸಪ್ಪಳದ ಕಾಟ ಬ್ಯಾರೆ. ಮಧ್ಯಾಹ್ನ ಎರಡರಿಂದ ಮೂರು ನಮ್ಮೂರು ಮಕ್ಕೊಂಡಿರ್ತೈತಿ, ಆಗ ಹಾಡೂದು. ಫ್ಯಾನು ಬಂದ್. ಫ್ರಿಜ್ಜು ಬಂದ್, ಯಾಕಂದ್ರ ಅದರ ಗುಂಯ್ ಅನ್ನೂದು ನಮಗ ರೂಢಿಯಾಗಿ ಕೇಳಸೂದಿಲ್ಲ, ಮೈಕಿಗೆ ಕೇಳಸ್ತೈತಿ. ಮೊದಲನೇ ದಿನ ತಿರುಗಿ ಹಚ್ಚೂದ ಮರತು ನಾಕು ಲೀಟರ್ ಹಾಲು ಒಡೀತು. ಅವತ್ತಿನಿಂದ ಸೊಸಿ ಫ್ರಿಜ್ಜು ಬಂದ್ ಮಾಡಿ ಮನಿ ಕೀಲಿ ಅದರೊಳಗ ಇಡ್ತಾಳ, ಕೀಲಿ ಬೇಕಾದಾಗ ನೆನಪಾಗ್ತೈತಿ. ಲ್ಯಾಪ್‌ಟಾಪಿನ ಚಾರ್ಜರೂ ತಗದಿಡ್ರಿ, ಕರೆಂಟಿನ ಝುಂಯ್ ಸಪ್ಪಳ ಹೋಗ್ತೈತಿ.

ಲ್ಯಾಪ್‌ಟಾಪಿನ್ಯಾಗ ಆಡಾಸಿಟಿ ಅಂತ ಹಾಕ್ಯಾರ. 2000ನೇ ಇಸವಿಯಿಂದ ಐತಂತ, ಪುಕ್ಕಟ. ಹಾಡೂ ಮುಂದ ಒಂದು ಹಸರ ಪಟ್ಟಿ ಏರಿಳೀತೈತಿ. ಅದರ ಮ್ಯಾಲೆ ಅಂಕಿ, ಸೊನ್ನಿ ಅಂದ್ರ ಕಟ್ಟಕಡೆ. ಎಲ್ಲಾಕಿಂತ ಎತ್ತರದ ಸ್ವರ ಹಾಡಿದಾಗ ಮೈನಸ್ 12, ಹೆಚ್ಚಂದ್ರ ಮೈನಸ್ 6ರ ತನಕ ಬರ್ಬೇಕು. ಸೊಸಿಗೆ ಇದು ಮೊದಲ ತಿಳೀಲಿಲ್ಲ, ಪಟ್ಟಿ ತುಂಬಿದ್ರ ದನಿ ದೊಡ್ಡದಾಗ್ತೈತಿ ಅಂತ ಏರಿಸಿಟ್ಟಿದ್ಲು. ಮ್ಯಾಲಿನ ಸಾ ಹಿಡದಾಗ ಹರಕ ಡೋಲಿನಂಗ ಒಡೀತು. "ಹಾಲಿನ ಬೋಗಾಣಿ ತುಂಬ ಹಾಲು ಹಾಕಿ ಒಲಿ ಮ್ಯಾಲೆ ಇಡ್ತೀಯೇನ? ಉಕ್ಕಾಕ ಜಾಗಾ ಬಿಡಬೇಕು" ಅಂದೆ. ತಟ್ಟನ ತಿಳೀತು. ಕಡಿಮಿ ಹಿಡದದ್ದನ್ನ ಆಮ್ಯಾಲೆ ಏರಿಸಬಹುದು, ಒಡದದ್ದನ್ನ ಕೂಡಸಾಕ ಬರೂದಿಲ್ಲ.

ಬಾಯಿಗೂ ಮೈಕಿಗೂ ಒಂದು ಗೇಣು. ಮೈಕು ಬಾಯಿ ಎದುರಿಗೆ ಬ್ಯಾಡ, ತುಸು ಮಗ್ಗಲಕ್ಕ. ಎದುರಿಗಿದ್ರ ಪ, ಫ, ಭ ಬಂದಾಗ ಉಸುರು ಬಡದು ಡಬ್ ಅಂತೈತಿ. ಅದನ್ನ ತಡಿಯೂ ಜಾಳಗಿ ಅಂಗಡ್ಯಾಗ ಸಿಗ್ತೈತಿ, ನಾವು ಕಸೂತಿ ಹಾಕೂ ರಿಂಗಿಗೆ ತೆಳುವನ್ನ ಓಢಣಿ ಬಿಗದು ನಡುವ ನಿಂದ್ರಿಸೀವಿ. ಪೇಟಿ ದನಿ ಭಾಳ ಜೋರು, ಹಾಡನ್ನ ನುಂಗ್ತೈತಿ. ಒಂದ ಮೈಕಿನ್ಯಾಗ ಎರಡೂ ಹಿಡೀಬೇಕಂದ್ರ ಪೇಟಿ ದೂರ ಸರಿಸಿ, ಅದರ ಮ್ಯಾಲೆ ಒಂದು ಟಾವೆಲ್ ಹಾಕ್ರಿ. ಇದನ್ನ ಯಾರೂ ಹೇಳಿಕೊಟ್ಟದ್ದಲ್ಲ, ಹದಿನೈದು ದಿನ ಸರಿಸಿ ಸರಿಸಿ ಸೊಸಿನ ಕಂಡುಕೊಂಡದ್ದು.

ನಮ್ಮ ರೋಣದಾಗ ಹುಟ್ಟಿದ ಭೀಮಸೇನ ಜೋಶಿಯವರು ಹುಡುಗರಿದ್ದಾಗ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಗುರುವಿನ್ನ ಹುಡುಕ್ಕೊಂಡು ಮನಿ ಬಿಟ್ಟು ಹೋದ್ರು ಅನ್ನೂದು ಈ ಕಡೆ ಎಲ್ಲಾರಿಗೂ ಗೊತ್ತಿರೂ ಕಥಿ. ಆ ಕಾಲದ ತಟ್ಟಿಯ ಒಂದು ಮಗ್ಗಲಕ್ಕ ಮೂರು ನಿಮಿಷ, ಮೂರೂವರಿ ನಿಮಿಷ ಅಷ್ಟ ಹಾಡು ಹಿಡೀತಿತ್ತು. ಇದನ್ನ ಸೊಸಿಗೆ ಹೇಳಿದ್ದು ಯಾಕಂದ್ರ, ಆಕಿ ಒಂದ ರಾಗ ಮುಕ್ಕಾಲು ತಾಸು ಹಾಡಿ, ನಡುವ ತಪ್ಪಿದ್ರ ಎಲ್ಲಾ ಅಳಿಸಿ ಮತ್ತ ಮೊದಲಿಂದ ಸುರು ಮಾಡ್ತಿದ್ಲು. "ಮೂರು ನಿಮಿಷ ಹಾಡವಾ, ಚಲೋ ಹಾಡು" ಅಂದೆ. ಈಗ ಹಂಗ ಮಾಡ್ತಾಳ. ಅಳಸೂದು ಮಾತ್ರ ಬ್ಯಾಡಂತ ಹೇಳೀನಿ. ನನ್ನ ಮನ್ಯಾಗ ಅಳಸೂದು ಸಾಕಾಗೈತಿ.

ವೇವ್ ಅನ್ನೂ ಥರದಾಗ ಇಟ್ರ ಒಂದು ನಿಮಿಷಕ್ಕ ಐದು ಎಂಬಿ ಸನೇಕ ಆಗ್ತೈತಿ, ಎಂಪಿ3 ಮಾಡಿದ್ರ ಒಂದು ಎಂಬಿ ಸುತ್ತಮುತ್ತ. ಇಟಗೊಳ್ಳಾಕ ವೇವ್, ಮಂದಿಗೆ ಕಳಸಾಕ ಎಂಪಿ3. ವಾಟ್ಸಾಪಿನ್ಯಾಗ ಕಳಸೂ ಮುಂದ ಡಾಕ್ಯುಮೆಂಟ್ ಅಂತ ಕಳಸ್ರಿ, ಹಿಂಡಿ ಸಣ್ಣದು ಮಾಡೂದಿಲ್ಲ. ಎರಡು ಪೆನ್‌ಡ್ರೈವ್ ತಗೊಂಡೀವಿ. ಒಂದು ಸೊಸಿ ಕಡೆ, ಒಂದು ನನ್ನ ಟ್ರಂಕಿನ್ಯಾಗ. ಎರಡರ ಮ್ಯಾಲೂ ಚೀಟಿ ಹಚ್ಚಿ, ಚೀಟಿ ಮ್ಯಾಲೆ ಟೇಪು ಸುತ್ತೀನಿ.

ಒಂದು ದಿನ ಆಕಿ ಹಾಡಿ ಮುಗಿಸಿ, "ಅತ್ತಿ, ಈಗ ನೀವು ಹಾಡ್ರಿ" ಅಂದ್ಲು. ನಾ ಒಲ್ಲೆ ಅಂದೆ. ನನಗೆಲ್ಲಿ ಹಾಡು ಬರ್ತೈತಿ! "ನೀವು ರೊಟ್ಟಿ ಬಡೀಯೂ ಮುಂದ ಗುಣಗುಣ ಅಂತೀರಲ್ಲ, ಅದನ್ನ" ಅಂದ್ಲು. ಅದು ನಮ್ಮತ್ತಿಯವರ ಪದ. ನನಗ ಗೊತ್ತಿಲ್ಲದ ಬಾಯಾಗ ಬರ್ತಿತ್ತಂತ, ಅದನ್ನ ಈಕಿ ಎರಡು ವರ್ಷದಿಂದ ಕೇಳಕೊಂತ ಬಂದಿದ್ಲಂತ. ಕುಂತೆ. ಕೌದಿಗೆ ಬೆನ್ನು ಕೊಟ್ಟು ಕುಂತೆ. ನಾಕು ನುಡಿ ಬಂದ್ವು, ಐದನೇದ್ದು ಬರಲಿಲ್ಲ. ಆ ನಾಕರಾಗೂ ಒಂದು ಕಡೆ ತೊದಲಿದೆ.

ತಿರುಗಿ ಕೇಳಿದಾಗ ನನಗ ನಗು ಬಂತು, ಇದು ಯಾರ ದನಿ ಅಂತ. ನಮ್ಮ ದನಿ ನಮಗ ಕಿವಿಯಿಂದ ಅಷ್ಟ ಅಲ್ಲ, ತಲಿ ಎಲುಬಿನಿಂದನೂ ಕೇಳಸ್ತೈತಂತ, ಅದಕ್ಕ ನಮಗ ದಪ್ಪ ಅನಸ್ತೈತಿ. ಮೈಕಿಗೆ ಎಲುಬಿಲ್ಲ, ಹೊರಗಿನಾವ್ರಿಗೆ ಹೆಂಗೋ ಹಂಗ ಹಿಡೀತೈತಿ. ಹೊಸದಾಗಿ ರೆಕಾರ್ಡ್ ಮಾಡಾವ್ರು ಇದನ್ನ ತಿಳಕೋರಿ, ಮೊದಲನೇ ಸಲ ಎಲ್ಲಾರಿಗೂ ತಮ್ಮ ದನಿ ಸೇರೂದಿಲ್ಲ. ನಮ್ಮ ಮನಿಯವರು ಹೊರಗಿಂದ ಬಂದು ಬಾಗಲದಾಗ ನಿಂತು ಕೇಳಿದ್ರು. ಏನೂ ಅನಲಿಲ್ಲ. ಇನ್ನೊಮ್ಮೆ ಹಚ್ಚು ಅಂತ ಸೊಸಿಗೆ ಕೈ ಮಾಡಿದ್ರು.

ಆ ಹಾಡನ್ನ ಸೊಸಿ ನಮ್ಮ ನಾದಿನಿಗೆ ಕಳಿಸಿದ್ಲು. ರಾತ್ರಿ ಒಂಬತ್ತಕ್ಕ ಫೋನು ಬಂತು. "ವೈನಿ, ಮೂರನೇ ನುಡಿ ತಪ್ಪ ಹಾಡೀ. ಅವ್ವ ಹಂಗ ಅಂತಿರಲಿಲ್ಲ" ಅಂದ್ಲು, ಮತ್ತ ಫೋನಿನ್ಯಾಗನ ಹಾಡಿ ತೋರಿಸಿದ್ಲು. ಐದನೇದ್ದೂ ಹಾಡಿದ್ಲು, ಆರನೇದ್ದೂ ಹಾಡಿದ್ಲು. ನನಗ ಆರನೇದ್ದು ಇತ್ತು ಅನ್ನೂದ ನೆನಪಿರಲಿಲ್ಲ. "ಫೋನಿನ್ಯಾಗ ಬ್ಯಾಡ ತಡಿ, ಕರ್ ಕರ್ ಅಂತೈತಿ. ಇಲ್ಲೆ ಬಂದು ಹಾಡು" ಅಂದೆ.

ಪಂಚಮಿಗೆ ಬರ್ತೀನಂದಾಳ, ನಾಕು ದಿನ ಇರ್ತಾಳ. ಅಷ್ಟರಾಗ ಜ್ವಾಳದ ಚೀಲ ಅರ್ಧ ಖಾಲಿ ಆಗಿರ್ತಾವ, ಖೋಲಿ ಮತ್ತ ಸಪ್ಪಳ ಕೊಡ್ತೈತಿ. ಉಳಿದ ಎರಡು ಕೌದಿ ನಿನ್ನಿ ಬಿಸಲಿಗೆ ಹಾಕೀನಿ.